ಭಂಡಾರ ಹಾಕಿದ ಹಾಲು

ರಾಯಬಾಗ
9 ಫೆಬ್ರುವರಿ 1987

ಮಗಳು ಜಿನಮತಿಗೆ,

ನಿನ್ನಪ್ಪ ರಾಯಬಾಗದಲ್ಲೇ ಇದ್ದಾನೆ, ಕೆಮ್ಮೂ ಅವನ ಜೊತೆಗೇ ಇದೆ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಹೋಗುವ ಹಾಗೆ ಕಾಣುವುದಿಲ್ಲ. ನೀನು ಬೆಳಗಾವಿಯ ಲ್ಯಾಬಿಗೆ ಸೇರಿ ವರ್ಷವಾಗುತ್ತ ಬಂತು. ಪತ್ರ ಬರೆಯಲು ಪುರಸೊತ್ತಿಲ್ಲ ಎನ್ನುತ್ತೀ. ಊರೂರಿನ ಫುಡ್ ಇನ್ಸ್‌ಪೆಕ್ಟರುಗಳು ಕಳಿಸುವ ಎಣ್ಣೆ, ಹಾಲು, ಖಾರಪುಡಿಗಳನ್ನೆಲ್ಲ ನೀವು ನಾಲ್ಕು ಜನ ಪರೀಕ್ಷೆ ಮಾಡಬೇಕೆಂದರೆ ಪುರಸೊತ್ತು ಎಲ್ಲಿಂದ ಬರಬೇಕು? ಆ ಇನ್ಸ್‌ಪೆಕ್ಟರುಗಳಲ್ಲಿ ನಿನ್ನಪ್ಪನೂ ಒಬ್ಬ ಎನ್ನುವುದನ್ನು ಮಾತ್ರ ಮರೆಯಬೇಡ.

ಇವತ್ತು ಒಂದು ಕೆಲಸ ಮಾಡಿದೆ. ಓದಿದ ಕೂಡಲೇ ಬೈಯಬೇಡ. ಮಲಕವ್ವನ ಹಾಲಿನ ಸ್ಯಾಂಪಲ್ ತೆಗೆದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಲಗಮಣ್ಣನ ಚಹದಂಗಡಿಯಲ್ಲಿ ಕೂತಿದ್ದೆ. ಹಾಲಿನವರು ನಾಲ್ಕಾರು ಮಂದಿ ಇದ್ದರು. ಎಲ್ಲರ ಎದುರಿಗೆ ಲಗಮಣ್ಣ ಕೇಳಿಯೇಬಿಟ್ಟ: "ಸಾಹೇಬ್ರ, ಊರ ಮಂದಿ ಹಾಲೆಲ್ಲಾ ಸೀಸೇದಾಗ ತುಂಬ್ತೀರಿ. ನಿಮ್ಮ ಮನೀಗಿ ಹಾಲ ಹಾಕಾಕಿದು ಯಾವತ್ತರೆ ತುಂಬೀರೇನ್ರಿ?" ಒಬ್ಬ ಕಿಸಕ್ಕನೆ ನಕ್ಕ. ಸೇವೆಯುದ್ದಕ್ಕೂ ಒಂದು ಲೋಟ ಚಹ ಪುಕ್ಕಟೆ ಕುಡಿಯದವನು ನಾನು. ಮೈ ಉರಿಯಿತು. ಅಷ್ಟರಲ್ಲಿ ಮಲಕವ್ವ ಕ್ಯಾನು ಹೊತ್ತುಕೊಂಡು ಬಂದಳು. "ಇಳಸ ಮಲಕವ್ವಾ," ಅಂದೆ.

ಮೂರು ಸೀಸೆಗೆ ತುಂಬಿದೆ, ಹಾಲು ಕೆಡದಿರಲೆಂದು ಫಾರ್ಮಾಲಿನ್ ಹನಿ ಹಾಕಿದೆ. ಅವಳು ಬಗ್ಗಿ ನೋಡಿ, "ಹಾಲಿಗಿ ಔಷಧ ಯಾಕ್ರಿ ಅಣ್ಣಾರ? ಅದಕ್ಕೇನ ಜಡ್ಡ ಬಂದೈತೇನು?" ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸ್ಯಾಂಪಲ್ಲಿನ ದುಡ್ಡು ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡಳು. ಕಾಯ್ದೆ ಹಾಗಿದೆ, ತೆಗೆದುಕೊಳ್ಳಲೇಬೇಕು ಎಂದು ಹೇಳಿ ಸೆರಗಿನಲ್ಲಿ ಹಾಕಿದೆ. ಅರಗು ಸುರಿದು ಸೀಲ್ ಒತ್ತಿದೆ, ಹೆಬ್ಬೆಟ್ಟು ತೆಗೆದುಕೊಂಡೆ. ಸಾಕ್ಷಿಗೆ ಪಂಚನಾಗಿ ಲಗಮಣ್ಣನದೇ ಸಹಿ ಹಾಕಿಸಿದೆ. ನೋಡಲಿ ಮಗ.

ನಿನ್ನವ್ವ ತೀರಿಕೊಂಡಾಗ ನಿನಗೆ ಎರಡು ವರ್ಷ. ಚಿಂಚಲಿ ದಾರಿಯ ಹೊಲದ ವಸ್ತಿಯಿಂದ ನಡೆದು ಬಂದು, ನೀನು ಬಟ್ಟಲು ಖಾಲಿ ಮಾಡುವವರೆಗೆ ಹೊಸ್ತಿಲಲ್ಲಿ ಕೂತು ಹೋಗುತ್ತಿದ್ದವಳು ಅವಳು. ಅವಳ ಹಾಲಿನಲ್ಲಿ ಏನು ಸಿಕ್ಕೀತು? ನಿಮ್ಮಲ್ಲಿಗೆ ಬರುವುದು ಬರೀ ನಂಬರು, ಹೆಸರಿರುವುದಿಲ್ಲ. ನಾನು ಹೇಳಬಾರದಿತ್ತು, ಹೇಳಿದೆ. ಯಾರ ಮುಂದೆಯೂ ಬಾಯಿ ಬಿಡಬೇಡ.

ಆಶೀರ್ವಾದಗಳೊಂದಿಗೆ,
ಜಕ್ಕಪ್ಪ


ಬೆಳಗಾವಿ
21 ಫೆಬ್ರುವರಿ 1987

ಅಪ್ಪನಿಗೆ ಜಿನಮತಿಯ ನಮಸ್ಕಾರ.

ನೀವು ಹೇಳಬಾರದ್ದು ಹೇಳಿದಿರಿ, ಈಗ ನಾನೂ ಹೇಳಬಾರದ್ದು ಹೇಳುತ್ತೇನೆ. ಓದಿ ಒಲೆಗೆ ಹಾಕಿ.

ನಿಮ್ಮ ಸೀಲ್ ನನಗೆ ಗೊತ್ತು. ಚಿಕ್ಕವಳಿದ್ದಾಗ ಅದರಿಂದ ಗೋಡೆಯ ತುಂಬ ಅರಗು ಒತ್ತಿ ಏಟು ತಿಂದಿದ್ದೇನಲ್ಲ. ರಾಯಬಾಗದ ಹಾಲು ಅದೊಂದೇ ಇತ್ತು. ನನ್ನ ಮೇಜಿಗೇ ಬಂತು. ಕೊಬ್ಬು ಸರಿ ಇತ್ತು, ನೀರು ಬೆರೆಸಿರಲಿಲ್ಲ. ನನಗೆ ಎಷ್ಟು ಹಿಗ್ಗಾಯಿತೆಂದರೆ, ಮುಂದಿನ ಪರೀಕ್ಷೆಯನ್ನು ಹಾಡಿಕೊಳ್ಳುತ್ತಲೇ ಮಾಡಿದೆ. ಆ್ಯಸಿಡ್ಡಿನ ಹನಿ ಬಿದ್ದ ಕೂಡಲೇ ಹಾಲು ದಾಸವಾಳ ಹಿಂಡಿದ ಹಾಗೆ ಕೆಂಪಗಾಯಿತು.

ಅಪ್ಪಾ, ಅದರಲ್ಲಿ ಬಣ್ಣ ಇದೆ. ತಿನ್ನುವ ಬಣ್ಣ ಅಲ್ಲ, ಬಟ್ಟೆಗೆ ಚರ್ಮಕ್ಕೆ ಹಾಕುವ ಹಳದಿ ಬಣ್ಣ.

ದೊಡ್ಡ ಸರ್ ಚಹಕ್ಕೆ ಹೋಗಿದ್ದರು. ಕೋಣೆಯಲ್ಲಿ ನಾನೊಬ್ಬಳೇ. ನಳಿಕೆಯನ್ನು ಮೋರಿಗೆ ಸುರಿದು, ಬಣ್ಣ ಇಲ್ಲ ಎಂದು ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಸುರಿಯಲೂ ಸುರಿದೆ. ಆಮೇಲೆ ಸೀಸೆಯಿಂದ ಮತ್ತೆ ಸ್ವಲ್ಪ ಹಾಲು ತೆಗೆದು ಇನ್ನೊಮ್ಮೆ ಮಾಡಿದೆ. ಮತ್ತೆ ಕೆಂಪು. ದೊಡ್ಡ ಸರ್ ಬಂದು ನನ್ನ ಹಿಂದೆ ನಿಂತು, "ಬಣ್ಣ ಐತಲ್ಲ, ಯಾವ ಊರ ಕಳ್ಳ ಇಂವಾ?" ಅಂದರು. ನಾನು ಕಂಡದ್ದನ್ನು ಬರೆದೆ. ಅವರು ಸಹಿ ಮಾಡಿದರು.

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ. ಲಗಮಣ್ಣನ ಅಂಗಡಿಯಲ್ಲಿ ಮೀಸೆ ತಿರುವಲಿಕ್ಕೆ ತೆಗೆದ ಸ್ಯಾಂಪಲ್ ಇದು. ನನ್ನ ಮೇಲೂ ಸಿಟ್ಟು ಬಂದಿದೆ. ಬರೆಯದೆ ಇರುವುದಕ್ಕೆ ನನಗೆ ಕೈ ಬರಲಿಲ್ಲ, ಬರೆದ ಮೇಲೆ ಊಟ ಸೇರುತ್ತಿಲ್ಲ.

ಮಲಕವ್ವ ಹಾಲಿಗೆ ಏನು ಹಾಕುತ್ತಾಳೆ? ಹೋಗಿ ನೋಡಿ ಬನ್ನಿ.

ನಿಮ್ಮ ಮಗಳು,
ಜಿನಮತಿ


ರಾಯಬಾಗ
4 ಮಾರ್ಚ್ 1987

ಜಿನಮತಿ,

ನಿನ್ನ ಪತ್ರ ಬಂದಾಗ ಮೊದಲು ನಿನ್ನನ್ನೇ ಬೈದೆ. ನಿಮ್ಮ ಲ್ಯಾಬಿನವರು ನಳಿಕೆ ಸರಿಯಾಗಿ ತೊಳೆಯುವುದಿಲ್ಲ ಎಂದು ಗೋಡೆಗೆ ಹೇಳಿದೆ. ಆಮೇಲೆ ನನ್ನ ಸೀಸೆಗಳನ್ನೇ ತೆಗೆದು ಮೂಸಿ ನೋಡಿದೆ. ಅವು ಸ್ವಚ್ಛ ಇದ್ದವು. ಮರುದಿನ ಬೆಳಿಗ್ಗೆ ಸೈಕಲ್ ಹತ್ತಿ ವಸ್ತಿಗೆ ಹೋದೆ.

ಮಲಕವ್ವ ಹಾಲು ಹಿಂಡುತ್ತಿದ್ದಳು. ಮಗ ಕುರಿ ಹೊಡೆದುಕೊಂಡು ಹೋಗಿದ್ದ. ಸೊಸೆ ಸಾವಕ್ಕ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನನಗೆ ಕಂಬಳಿ ಹಾಸಿದಳು. ಇನ್ಸ್‌ಪೆಕ್ಟರ್ ಬಂದಿದ್ದಾನೆಂದು ಯಾರೂ ಗಡಿಬಿಡಿ ಮಾಡಲಿಲ್ಲ, ಏನನ್ನೂ ಮುಚ್ಚಿಡಲಿಲ್ಲ. ಮಲಕವ್ವ ಆಕಳ ಹಾಲು ಕ್ಯಾನಿಗೆ ಸುರಿದಳು, ದೇವರ ಗೂಡಿನಿಂದ ಚೀಲ ತೆಗೆದಳು, ಚಿಂಚಲಿ ಮಾಯವ್ವನ ಹೆಸರು ಹೇಳಿ ಭಂಡಾರ ತನ್ನ ಹಣೆಗೆ ಹಚ್ಚಿಕೊಂಡಳು, ಆಕಳ ಹಣೆಗೆ ಹಚ್ಚಿದಳು, ಉಳಿದ ಚಿಮಟಿಯನ್ನು ಕ್ಯಾನಿನೊಳಗೆ ಹಾಕಿ ಮುಚ್ಚಳ ಒತ್ತಿದಳು. ನನ್ನ ಕಣ್ಣೆದುರಿಗೇ.

"ಇದ್ಯಾಕ ಮಲಕವ್ವಾ?" ಎಂದು ಕೇಳಿದೆ.

"ಭಂಡಾರ ಹಾಕದ ಹಾಲ ಹೊಚ್ಚಲ ದಾಟಿದ್ರ ದನಕ್ಕ ದಿಟ್ಟಿ ಆಗತೈತ್ರಿ ಅಣ್ಣಾರ. ಮೊದಲ ಮಾಯವ್ವಗ, ಆಮ್ಯಾಲ ಮಂದಿಗಿ. ನಮ್ಮತ್ತಿ ಹಾಕ್ತಿದ್ಳು, ನಾ ಹಾಕ್ತೀನಿ. ಜಿನ್ನವ್ವ ಸಣ್ಣಾಕಿದ್ದಾಗ ಕುಡದದ್ದೂ ಇದ ಹಾಲ."

ಭಂಡಾರ ಎಂದರೆ ಅರಿಶಿನ. ಅರಿಶಿನ ವಿಷವೇನೂ ಅಲ್ಲ. ಅದರಿಂದಲೇ ನಿನ್ನ ನಳಿಕೆ ಕೆಂಪಾಗಿರಬೇಕು. ಹಾಗೆ ಅಂದುಕೊಂಡೇ ಸೈಕಲ್ ತುಳಿದೆ, ಗಾಳಿ ಹಗುರಾಗಿತ್ತು. ಆದರೂ ಮನಸ್ಸು ತಡೆಯಲಿಲ್ಲ. ಸೈಕಲ್ ತಿರುಗಿಸಿ, ಅವಳಿಂದ ಒಂದು ಚೂರು ಭಂಡಾರ ಕೇಳಿ ತಂದು, ಬೆಳಗಾವಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ನೋಡು, ಬೇಗ ಬರೆ.

ನಿನ್ನಪ್ಪ,
ಜಕ್ಕಪ್ಪ


ಬೆಳಗಾವಿ
15 ಮಾರ್ಚ್ 1987

ಅಪ್ಪಾ,

ಪುಡಿ ಬಂತು. ಎಲ್ಲರೂ ಮನೆಗೆ ಹೋದ ಮೇಲೆ ನೋಡಿದೆ.

ಅರಿಶಿನಕ್ಕೂ ಆ್ಯಸಿಡ್ ಬಿದ್ದರೆ ಕೆಂಪು ಬರುತ್ತದೆ, ನೀವು ಅಂದುಕೊಂಡದ್ದು ಪೂರ್ತಿ ಸುಳ್ಳಲ್ಲ. ಆದರೆ ನೀರು ಹಾಕಿದರೆ ಆ ಕೆಂಪು ಹೋಗಿಬಿಡುತ್ತದೆ. ಇದು ಹೋಗಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಅದರಲ್ಲಿ ಅರಿಶಿನ ಇಲ್ಲವೇ ಇಲ್ಲ. ಜೋಳದ ಹಿಟ್ಟು, ಸುಣ್ಣದ ಕಲ್ಲಿನ ಪುಡಿ, ಆ ಬಣ್ಣ. ಅಷ್ಟೇ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ನನಗೆ ಕಲಿಸಿದಿರಿ. ಹಳದಿ ಇದ್ದದ್ದೆಲ್ಲ ಭಂಡಾರವೂ ಅಲ್ಲ.

ಇದು ಹೊಟ್ಟೆಗೆ ಒಳ್ಳೆಯದಲ್ಲ ಅಪ್ಪಾ. ದಿನಾ ಹೋದರೆ ಇನ್ನೂ ಕೆಟ್ಟದ್ದು. ನಿಮ್ಮ ಕೈಯಲ್ಲಿ ಸೀಲ್ ಇದೆ. ಅವಳಿಗೆ ಇದನ್ನು ಮಾರಿದವನು ಯಾರು? ಅವನ ಅಂಗಡಿಗೆ ಹೋಗಿ. ಮಲಕವ್ವನ ಕ್ಯಾನಿನ ಮುಂದೆ ತೋರಿಸಿದ ಶೌರ್ಯವನ್ನು ಅಲ್ಲಿ ತೋರಿಸಿ.

ಜಿನಮತಿ


ರಾಯಬಾಗ
6 ಏಪ್ರಿಲ್ 1987

ಜಿನಮತಿಗೆ,

ಹೋಗಿದ್ದೆ. ಪೇಟೆಯಲ್ಲಿ ರಾವಸಾಹೇಬನ ಕುಂಕುಮ-ಭಂಡಾರದ ಅಂಗಡಿ ಇದೆ, ಮಲಕವ್ವ ಕೊಳ್ಳುವುದು ಅಲ್ಲೇ. ಗಡಿಯಾಚೆಯಿಂದ ಚೀಲಗಟ್ಟಲೆ ತರಿಸುತ್ತಾನೆ. ನನ್ನನ್ನು ಕಂಡು ಎದ್ದು ನಿಂತ, ಕುರ್ಚಿ ಹಾಕಿದ, "ಯಾ ಸಾಹೇಬ, ಬಸಾ," ಎಂದು ಮರಾಠಿಯಲ್ಲಿ ಕರೆದು ಕೂರಿಸಿ ಉಪಚಾರ ಮಾಡಿದ. ಭಂಡಾರದ ಸ್ಯಾಂಪಲ್ ಬೇಕು ಅಂದೆ. ಅವನು ನಕ್ಕು ಗೋಡೆಯ ಮೇಲಿನ ಹಲಗೆ ತೋರಿಸಿದ. ಪೂಜೆಗೆ ಮಾತ್ರ ಎಂದು ಎರಡೂ ಭಾಷೆಯಲ್ಲಿ ಬರೆಸಿದ್ದಾನೆ.

"ತಿನ್ನಾಕ ಅಂತ ನಾ ಯಾವತ್ತೂ ಮಾರಿಲ್ರಿ. ದೇವರಿಗಿ ಹಾರಸೂದು, ಹಣಿಗಿ ಹಚಗೊಳ್ಳೂದು. ಯಾರರೆ ಹಾಲಿಗಿ ಹಾಕಿದ್ರ ನಾ ಏನ ಮಾಡ್ಲಿ? ನಿಮ್ಮ ಕಾಯ್ದೇದಾಗ ಇದು ಬರಂಗಿಲ್ಲ, ನನಗ ಗೊತ್ತೈತಿ."

ಅವನಿಗೆ ಗೊತ್ತಿದೆ, ನನಗೂ ಗೊತ್ತಿದೆ. ತಿನ್ನುವ ಪದಾರ್ಥವೆಂದು ಮಾರಿದ್ದನ್ನು ಮಾತ್ರ ನಾನು ಮುಟ್ಟಬಹುದು. ಜಿಲ್ಲಾ ಕಚೇರಿಗೆ ಬರೆದೆ, ಅಲ್ಲಿಂದಲೂ ಅದೇ ಉತ್ತರ. ಹಾಲಿನಲ್ಲಿದ್ದರೆ ಅಪರಾಧ, ಚೀಲದಲ್ಲಿದ್ದರೆ ವ್ಯಾಪಾರ. ಈ ಕಾಯ್ದೆಯ ಉಪ್ಪು ತಿಂದೇ ನಾನು ತಲೆ ನರೆಸಿಕೊಂಡಿದ್ದೇನೆ.

ಮಲಕವ್ವನ ಮೇಲೆ ಕೇಸು ಹಾಕಲು ಮಂಜೂರಿ ಬಂದಿದೆ. ಕೇಸು ಹಾಕುವವನು ನಾನೇ. ತಿಳಿದು ಹಾಕಿದಳೋ ತಿಳಿಯದೆ ಹಾಕಿದಳೋ ಎಂದು ಕಾಯ್ದೆ ಕೇಳುವುದಿಲ್ಲ. ಸಾಬೀತಾದರೆ ಕಡಿಮೆಯೆಂದರೆ ಆರು ತಿಂಗಳ ಜೈಲು.

ವಸ್ತಿಗೆ ಹೋಗಿ ಹೇಳಿದೆ. ಇನ್ನು ಮುಂದೆ ಹಾಲಿಗೆ ಭಂಡಾರ ಹಾಕಬೇಡ, ಕೋರ್ಟಿಗೆ ಬರಬೇಕಾಗುತ್ತದೆ ಅಂದೆ. ಅವಳು ಆಕಳ ಮೈ ಒಮ್ಮೆ ಸವರಿದಳು. ಆಮೇಲೆ, "ಹಾಕದ ಹಾಲ ಮಾರಾಕ ನನಗ ಆಗೂದಿಲ್ರಿ ಅಣ್ಣಾರ," ಅಂದಳು. ಮರುದಿನದಿಂದ ಹಾಲು ಮಾರುವುದನ್ನೇ ನಿಲ್ಲಿಸಿದ್ದಾಳೆ. ನಾನು ಕರಿ ಚಹ ಕುಡಿಯುತ್ತಿದ್ದೇನೆ.

ಅದು ಭಂಡಾರವೇ ಅಲ್ಲ ಎಂದು ಹೇಳಲು ಹೋಗಿದ್ದೆ. ಅವಳ ಹಣೆ ನೋಡಿ ಬಾಯಿ ಕಟ್ಟಿತು. ಹೇಳದೆ ಬಂದೆ.

ಜಕ್ಕಪ್ಪ


ಬೆಳಗಾವಿ
20 ಜೂನ್ 1987

ಅಪ್ಪನಿಗೆ,

ಎರಡು ತಿಂಗಳು ಬರೆಯಲಿಲ್ಲ. ಬರೆಯಬಾರದೆಂದೇ ಬರೆಯಲಿಲ್ಲ.

ಹೇಳದೆ ಬಂದಿರಿ. ಹುಲಿಯ ಬಾಯಿಗೆ ಕೈ ಹಾಕಲು ಹೆದರದ ನಮ್ಮಪ್ಪನಿಗೆ ಒಬ್ಬ ಮುದುಕಿಯ ಹಣೆ ನೋಡಿ ಹೆದರಿಕೆಯಾಯಿತು. ನನಗೆ ನಗು ಬರಲಿಲ್ಲ.

ಇಲ್ಲಿ ಮಳೆ ಹಿಡಿದಿದೆ. ಲ್ಯಾಬಿನಲ್ಲಿ ನನ್ನ ಕೆಲಸ ಚೆನ್ನಾಗಿದೆ ಎಂದು ದೊಡ್ಡ ಸರ್ ಮೇಲಿನವರಿಗೆ ಬರೆದಿದ್ದಾರಂತೆ. ಆ ಹಾಲಿನ ವರದಿಯನ್ನೇ ಉದಾಹರಣೆ ಕೊಟ್ಟಿದ್ದಾರೆ. ಒಮ್ಮೆ ನೋಡಿ ಬಿಡಲಿಲ್ಲ, ಎರಡು ಸಲ ನೋಡಿದಳು ಎಂದು. ಎಲ್ಲರೂ ಪೇಢೆ ಕೇಳಿದರು. ತಂದು ಹಂಚಿದೆ, ನಾನು ಬಾಯಿಗೆ ಹಾಕಿಕೊಳ್ಳಲಿಲ್ಲ.

ಅವಳಿಗೆ ಒಳ್ಳೆಯ ವಕೀಲರನ್ನು ಹಿಡಿದುಕೊಡಿ. ನೀವು ಹಿಡಿಯುವ ಹಾಗಿಲ್ಲ, ಗೊತ್ತು. ಬೇರೆ ಯಾರಿಂದಾದರೂ ಹಿಡಿಸಿ. ಖರ್ಚು ನಾನು ಕೊಡುತ್ತೇನೆ.

ಜಿನಮತಿ


ರಾಯಬಾಗ
12 ಸೆಪ್ಟೆಂಬರ್ 1987

ಜಿನಮತಿ,

ವಕೀಲರು ಸಿಕ್ಕಿದ್ದಾರೆ. ಚಿಕ್ಕೋಡಿಯವರು, ಚುರುಕು ಮನುಷ್ಯ. ಯಾರು ಹಿಡಿಸಿದರು ಎಂದು ಕೇಳಬೇಡ.

ಲಗಮಣ್ಣನಿಗೂ ಈಗ ಪಶ್ಚಾತ್ತಾಪ. ಮೊನ್ನೆ ದಾರಿಯಲ್ಲಿ ಸಿಕ್ಕು, "ಸಾಹೇಬ್ರ, ಚಾಷ್ಟಿಗಿ ಅಂದ ಮಾತ ಮುದಕೀ ಕೊಳ್ಳಿಗಿ ಬಂತಲ್ರಿ," ಎಂದು ಕಣ್ಣು ಒರೆಸಿಕೊಂಡ. ಸೀಸೆ ತುಂಬಿದ್ದು ತಾನು ನೋಡೇ ಇಲ್ಲ, ಆಮೇಲೆ ಸಹಿ ಹಾಕಿದ್ದು ಎಂದು ಕೋರ್ಟಿನಲ್ಲಿ ಹೇಳುತ್ತಾನಂತೆ. ಪಂಚ ತಿರುಗಿ ಬಿದ್ದರೆ ನನ್ನ ಸ್ಯಾಂಪಲ್ ಅರ್ಧ ಸತ್ತ ಹಾಗೆ. ಮಲಕವ್ವ ತಾನು ಹಾಲಿಗೆ ಏನೂ ಹಾಕಿಲ್ಲ ಎಂದು ಒಂದು ಮಾತು ಹೇಳಿದರೆ ಉಳಿದರ್ಧವೂ ಸಾಯುತ್ತದೆ, ಕೇಸು ಬಿದ್ದುಹೋಗುತ್ತದೆ ಎನ್ನುತ್ತಾರೆ ವಕೀಲರು.

ಇಷ್ಟು ವರ್ಷದಲ್ಲಿ ಪಂಚ ತಿರುಗಿ ಬಿದ್ದರೆ ನಾನು ಎರಡು ದಿನ ಊಟ ಬಿಡುತ್ತಿದ್ದೆ. ಈ ಸಲ ಬಸದಿಗೆ ಹೋಗಿ, ಅವನು ತಿರುಗಿ ಬೀಳಲಿ ಎಂದು ಕೈಮುಗಿದು ಬಂದೆ. ಬೇಲಿ ಎದ್ದು ಹೊಲ ಮೇಯುವುದು ಎಂದರೆ ಹೀಗೆಯೇ ಇರಬೇಕು. ಮೇಯಲಿ.

ಅವಳಿಗೆ ಎಲ್ಲ ಹೇಳಿಕೊಟ್ಟಿದ್ದಾರೆ. ತಲೆ ಆಡಿಸಿದ್ದಾಳೆ.

ನಿನ್ನಪ್ಪ,
ಜಕ್ಕಪ್ಪ


ರಾಯಬಾಗ
27 ನವೆಂಬರ್ 1987

ಜಿನಮತಿಗೆ,

ಆರು ತಿಂಗಳು. ಮೊದಲೇ ಹೇಳಿಬಿಡುತ್ತೇನೆ, ಕೆಳಗೆ ಓದುವಾಗ ಆಸೆ ಇಟ್ಟುಕೊಂಡು ಓದಬೇಡ.

ನಾನು ಸಾಕ್ಷಿ ಹೇಳಿದೆ. ಇದ್ದದ್ದನ್ನೇ ಹೇಳಿದೆ, ನನ್ನಿಂದ ಸುಳ್ಳು ಬರಲಿಲ್ಲ. ಲಗಮಣ್ಣ ಕಟಕಟೆ ಹತ್ತಿ, ನಾನೇನೂ ನೋಡಿಲ್ಲ ಎಂದು ಆಣೆ ಮಾಡಿ ಹೇಳಿದ. ಸರ್ಕಾರಿ ವಕೀಲರು ಅವನನ್ನು ಜಾಲಾಡಿದರು, ಆಸಾಮಿ ಅಲುಗಲಿಲ್ಲ. ನಮ್ಮ ವಕೀಲರ ಮುಖ ಅರಳಿತು. ನಮ್ಮ ವಕೀಲರು ಎಂದು ಬರೆದುಬಿಟ್ಟೆ ನೋಡು. ಇರಲಿ.

ಆಮೇಲೆ ಮಲಕವ್ವನನ್ನು ನಿಲ್ಲಿಸಿದರು. ಹೊಸ ಇಳಕಲ್ಲ ಸೀರೆ ಉಟ್ಟುಕೊಂಡು ಬಂದಿದ್ದಳು, ಹಣೆಯ ತುಂಬ ಭಂಡಾರ. ಮ್ಯಾಜಿಸ್ಟ್ರೇಟರು ಮೆತ್ತಗಿನ ಮನುಷ್ಯ. "ಹಾಲಿನೊಳಗ ಬಣ್ಣ ಹಾಕಿದಿ ಅಂತ ಇವ್ರು ಹೇಳ್ತಾರ. ಏನಂತಿ ಅವ್ವಾ?" ಎಂದು ಕೇಳಿದರು.

"ಬಣ್ಣ ಹಾಕಿಲ್ರಿ ಸಾಹೇಬ್ರ."

ನನ್ನ ಎದೆ ಹಗುರಾಯಿತು. ಅವರು ಬರೆದುಕೊಂಡು, "ಮತ್ತೇನೂ ಹಾಕಿಲ್ಲಲ್ಲ?" ಅಂದರು. ಇಲ್ಲ ಎಂದುಬಿಟ್ಟಿದ್ದರೆ ಮುಗಿದಿತ್ತು. ವಕೀಲರು ತಲೆ ಅಲ್ಲಾಡಿಸಿ ತೋರಿಸಿದರು. ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಕೈಯೆತ್ತಿ ಹಣೆ ಮುಟ್ಟಿಕೊಂಡಳು.

"ಭಂಡಾರ ಹಾಕೇನ್ರಿ. ದಿನಾ ಹಾಕ್ತೀನಿ. ಹಾಕಿಲ್ಲ ಅನ್ನಂತ ವಕೀಲ್ರು ಹೇಳಿದ್ರು. ಮಾಯವ್ವನ ಭಂಡಾರ ಹಣಿಮ್ಯಾಲ ಇಟಗೊಂಡು ಭಂಡಾರ ಹಾಕಿಲ್ಲ ಅಂತ ಹೆಂಗ ಅನ್ಲಿ ಸಾಹೇಬ್ರ? ನಾಳೆ ಆಕಿ ಮುಂದ ಯಾವ ಬಾಯಿ ಇಟಗೊಂಡ ನಿಂದ್ರಲಿ?"

ಮ್ಯಾಜಿಸ್ಟ್ರೇಟರು ಅದನ್ನೂ ಬರೆದುಕೊಂಡು ಪೆನ್ನು ಕೆಳಗಿಟ್ಟರು. ಕಾಯ್ದೆ ನನ್ನ ಕೈ ಕಟ್ಟಿದೆ ಎಂದು ಹೇಳಿಯೇ ಶಿಕ್ಷೆ ಓದಿದರು. ಅಪೀಲು ಮಾಡೋಣ ಎಂದರೆ ಅವಳು ಒಪ್ಪಲಿಲ್ಲ. "ನಾ ಅಂದದ್ದು ಖರೇನ ಐತಿ, ಮತ್ತೇನ ಕೇಳೂದು?" ಎಂದಳು. ನಿಮ್ಮ ಬೆಳಗಾವಿಯ ಹಿಂಡಲಗಾ ಜೈಲಿಗೆ ಕರೆದುಕೊಂಡು ಹೋದರು. ವ್ಯಾನು ಹತ್ತುವಾಗ ನನ್ನ ಕಡೆ ತಿರುಗಿ ಕೈಮುಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ವಸ್ತಿಗೆ ಹೋಗಿದ್ದೆ. ಸಾವಕ್ಕ ಕೂಸಿನ ನಾಲಗೆಗೆ ಭಂಡಾರ ನೆಕ್ಕಿಸುತ್ತಿದ್ದಳು. ಅತ್ತೆ ಕ್ಷೇಮವಾಗಿ ಬರಲಿ ಎಂದು ಹರಕೆಯಂತೆ, ದಿನಾ ಬೆಳಿಗ್ಗೆ. ಕೂಸಿನ ಹೊಟ್ಟೆ ಸರಿ ಇಲ್ಲ, ಬಡವಾಗಿದೆ. ನಾನು ಈ ಸಲ ಬಾಯಿ ಬಿಟ್ಟು ಹೇಳಿದೆ, ಇದು ಅರಿಶಿನ ಅಲ್ಲ, ಬಟ್ಟೆಯ ಬಣ್ಣ ಎಂದು. ಅವಳು ಚೀಲವನ್ನು ಎದೆಗೆ ಅವಚಿಕೊಂಡು, "ಅತ್ತೀನ ಒಳಗ ಹಾಕಿದ್ರಿ, ಈಗ ದೇವರ್ನೂ ಸೀಸೇದಾಗ ತುಂಬ್ತೀರೇನ್ರಿ? ಅತ್ತಿ ಬ್ಯಾಡ ಅಂದ್ರ ಬಿಡ್ತೀನಿ, ಮಂದಿ ಮಾತಿಗಿ ಬಿಡಂಗಿಲ್ಲ," ಅಂದಳು. ಮಂದಿ ಎಂದರೆ ನಾನು.

ನೀನು ಮಲಕವ್ವನನ್ನು ನೋಡಲು ಹೋಗುತ್ತೀ ಎಂದು ನನಗೆ ಗೊತ್ತು. ಅವಳಿಗೆ ಈಗಲೇ ಏನೂ ಹೇಳಬೇಡ, ಜಿನಮತಿ. ಅವಳ ಕೈಯಲ್ಲಿ ಉಳಿದಿರುವುದು ಅದೊಂದೇ. ಹೊರಗೆ ಬಂದ ಮೇಲೆ ನಾನೇ ಹೇಳುತ್ತೇನೆ. ಕೂಸಿಗೆ ಬೇರೆ ಏನಾದರೂ ದಾರಿ ನೋಡುತ್ತೇನೆ.

ನಿನ್ನಪ್ಪ


ಬೆಳಗಾವಿ
10 ಡಿಸೆಂಬರ್ 1987

ಅಪ್ಪಾ,

ಏನು ದಾರಿ ನೋಡುತ್ತೀರಿ? ಕೂಸು ಆರು ತಿಂಗಳು ಕಾಯುತ್ತದೆಯೇ? ನಿಮ್ಮ ಬಾಯಿ ಕಟ್ಟುವುದು ಬಿಡುವುದು ನೋಡಿಕೊಂಡು ಆ ಬಣ್ಣ ಹೊಟ್ಟೆಯೊಳಗೆ ಸುಮ್ಮನಿರುತ್ತದೆಯೇ?

ನನಗೂ ಹೇಳಲು ಮನಸ್ಸಿಲ್ಲ. ಅವಳ ಹಾಲಿನಿಂದ ಬೆಳೆದ ಕೈಯಿಂದಲೇ ಅವಳನ್ನು ಒಳಗೆ ಹಾಕಿದೆ, ಈಗ ಅವಳ ದೇವರನ್ನೂ ನಾನೇ ಕಸಿದುಕೊಳ್ಳಬೇಕು. ಆದರೆ ಸಾವಕ್ಕ ಕೇಳುವುದು ಅವಳ ಮಾತನ್ನು ಮಾತ್ರ. ಬೇರೆ ದಾರಿ ಇಲ್ಲ. ಭೇಟಿಗೆ ಅರ್ಜಿ ಕೊಟ್ಟಿದ್ದೇನೆ.

ಜಿನಮತಿ


ಬೆಳಗಾವಿ
3 ಜನವರಿ 1988

ಅಪ್ಪನಿಗೆ,

ನಿನ್ನೆ ಹೋಗಿದ್ದೆ. ರಾತ್ರಿಯೇ ಬರೆಯಲು ಕೂತೆ, ಆಗಲಿಲ್ಲ.

ಮಲಕವ್ವ ಜೈಲಿನ ಬಿಳಿ ಸೀರೆಯಲ್ಲಿ ಬಂದಳು. ಮೊದಲು ನನಗೆ ಗುರುತೇ ಸಿಗಲಿಲ್ಲ. ಬಡಕಲಾಗಿದ್ದಾಳೆ. ಅಲ್ಲಿ ಭಂಡಾರ ಒಳಗೆ ಬಿಡುವುದಿಲ್ಲವಂತೆ, ಹಣೆ ಬೋಳಾಗಿತ್ತು. ಜಾಳಿಗೆಯ ಆಚೆಯಿಂದ, "ಜಿನ್ನವ್ವಾ, ಎಷ್ಟ ಸೊರಗಿದೀ ತಂಗಿ," ಎಂದು ಅವಳೇ ನನಗೆ ಹೇಳಿದಳು. ನಿಮ್ಮ ಕೆಮ್ಮು ಕೇಳಿದಳು. ಮನೆಗೆ ಈಗ ಹಾಲು ಯಾರು ಹಾಕುತ್ತಾರೆ ಎಂದು ಕೇಳಿದಳು. ಯಾರೂ ಹಾಕುವುದಿಲ್ಲ, ಅಪ್ಪ ಕರಿ ಚಹ ಕುಡಿಯುತ್ತಾರೆ ಎಂದರೆ ಬೇಜಾರು ಮಾಡಿಕೊಂಡಳು.

ಹಾಲು ನೋಡಿದವಳು ನಾನೇ ಎಂದು ಹೇಳಿದೆ. "ನಿಮ್ಮಪ್ಪ ಹೇಳ್ಯಾರ, ನನಗ ಗೊತ್ತೈತಿ," ಅಂದಳು. ನೀವು ಯಾವಾಗ ಹೇಳಿದಿರಿ? ಅವಳು ಸಿಟ್ಟಾಗಿಲ್ಲ. ನೀ ಕಂಡದ್ದು ನೀ ಹೇಳಿದಿ, ನಾ ಮಾಡಿದ್ದು ನಾ ಹೇಳಿದೆ ಎಂದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಸಮಾಧಾನ ಇತ್ತು, ಅಪ್ಪಾ. ಜೈಲಿನಲ್ಲಿ ಬೇರೆ ಯಾರ ಮುಖದಲ್ಲೂ ನಾನು ಅದನ್ನು ಕಾಣಲಿಲ್ಲ. ನೀವು ಹೇಳಬೇಡ ಎಂದದ್ದು ಯಾಕೆಂದು ಆಗ ತಿಳಿಯಿತು.

ಆದರೂ ಹೇಳಿದೆ. ಕೂಸಿನ ಹೊಟ್ಟೆಯಿಂದ ಶುರು ಮಾಡಿದೆ. ರಾವಸಾಹೇಬನ ಚೀಲ, ಹಿಟ್ಟು, ಕಲ್ಲಿನ ಪುಡಿ, ಬಟ್ಟೆಯ ಬಣ್ಣ, ಎಲ್ಲ ಹೇಳಿದೆ. ಅರಿಶಿನ ಒಂದು ಚೂರೂ ಇರಲಿಲ್ಲ, ನಾನೇ ನೋಡಿದ್ದೇನೆ ಎಂದೆ. ಅವಳು ಜಾಳಿಗೆ ಹಿಡಿದುಕೊಂಡು ಕೇಳಿದಳು. ನಂಬುವುದಿಲ್ಲ ಎನ್ನುತ್ತಾಳೆಂದು ಕಾದೆ. "ನೀ ಹೇಳಿದ್ರ ಖರೇನ ಇರಬೇಕು," ಎಂದಳು. ಆಮೇಲೆ, "ಸಾವಕ್ಕಗ ಹೇಳ ಬೇ, ಕೂಸಿನ ಬಾಯಾಗ ಹಾಕಬ್ಯಾಡಂತ. ಅತ್ತೀನ ಹೇಳ್ಯಾಳಂತ ಹೇಳ. ಚೀಲಾ ಹೊಳಿಗಿ ಬಿಡಂತ ಹೇಳ," ಅಂದಳು. ಅದನ್ನು ಎರಡು ಸಲ ನನ್ನಿಂದ ಹೇಳಿಸಿದಳು. ಈ ಪತ್ರ ಕೈಗೆ ಬಂದ ಕೂಡಲೇ ನೀವು ವಸ್ತಿಗೆ ಹೋಗಿ ಇದಿಷ್ಟನ್ನೂ ಅವಳ ಮಾತಿನಲ್ಲೇ ಹೇಳಿ. ಕೂಸನ್ನು ದವಾಖಾನೆಗೆ ಕರೆದುಕೊಂಡು ಹೋಗಿ.

ಹೊತ್ತು ಮುಗಿಯಿತು ಎಂದು ಕಾವಲಿನವಳು ಕರೆದಳು. ಮಲಕವ್ವ ಏಳಲಿಲ್ಲ. ಬೋಳು ಹಣೆಯನ್ನು ಸೆರಗಿನಿಂದ ಮೆಲ್ಲಗೆ ಉಜ್ಜಿಕೊಳ್ಳುತ್ತ ಏನೋ ಲೆಕ್ಕ ಹಾಕುತ್ತಿದ್ದಳು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದಳು:

"ಹಂಗಾರ ಜಿನ್ನವ್ವಾ, ಭಂಡಾರ ಹಾಕಿಲ್ಲ ಅಂತ ನಾ ಅಂದಿದ್ರ ಅದು ಸುಳ್ಳ ಆಗ್ತಿರಲಿಲ್ಲಲ್ಲ ಬೇ?"

ಅವಳನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದರು. ಅಪ್ಪಾ, ಮುಂದಿನ ತಿಂಗಳು ಭೇಟಿಗೆ ನೀವು ಬನ್ನಿ. ನಾನೊಬ್ಬಳೇ ಹೋಗಲಾರೆ.

ನಿಮ್ಮ ಮಗಳು,
ಜಿನಮತಿ